ಒಂದೇ ರೋಲ್, ಮೂರು ಸ್ಕ್ಯಾನ್: ಹೋಲ್ಗಾ ನೆಗೆಟಿವ್‌ಗಳ ಹೋಲಿಕೆ

ಅಜ್ಜಿ ಹಿತ್ತಲಿನಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮಟಮಟ ಮಧ್ಯಾಹ್ನ, ಮೈಮೇಲೆ ಬಿಳಿ ಸೀರೆ. ಹೋಲ್ಗಾ ಎಂಬ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದು, ರೋಲ್ ಅನ್ನು ಮನೆಯಲ್ಲೇ ತೊಳೆದು, ಸ್ಕ್ಯಾನ್ ಮಾಡಿ ನೋಡಿದರೆ ಸೀರೆಯ ಜಾಗದಲ್ಲಿ ಸುಣ್ಣದ ಗೋಡೆಯಂಥ ಬಿಳುಪು ಮಾತ್ರ ಇತ್ತು. ಆದರೆ ಅದೇ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ನೆರಿಗೆಗಳು ಕಂಡವು. ಫಿಲ್ಮ್ ಹಿಡಿದಿಟ್ಟದ್ದನ್ನು ಸ್ಕ್ಯಾನ್ ಕಳೆದಿತ್ತು. ಹಾಗಾಗಿ ಆ ರೋಲಿನ ಹನ್ನೆರಡೂ ಚಿತ್ರಗಳನ್ನು ಮೂರು ಬಗೆಯಲ್ಲಿ ಸ್ಕ್ಯಾನ್ ಮಾಡಿದೆ.

1980ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಈ ಪ್ಲಾಸ್ಟಿಕ್ ಕ್ಯಾಮೆರಾದ ಸ್ವಭಾವವನ್ನು ಮೊದಲು ಹೇಳಬೇಕು. ಶಟರ್ ವೇಗ ಒಂದೇ, ಸುಮಾರು 1/100 ಸೆಕೆಂಡು. ಬಿಸಿಲು, ಮೋಡ ಎಂದು ಗುಂಡಿಯೊಂದಿದೆಯಾದರೂ ಹಳೆಯ ಮಾದರಿಗಳಲ್ಲಿ ಅದನ್ನು ಸರಿಸಿದರೂ ಬೆಳಕು ಬದಲಾಗುವುದಿಲ್ಲ. 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆ) ಫಿಲ್ಮ್‌ಗೆ ಕಡುಬಿಸಿಲಿನಲ್ಲಿ ಎಫ್/16ರಷ್ಟು ಕಿರಿದಾದ ಲೆನ್ಸ್ ರಂಧ್ರದಲ್ಲಿ 1/400 ಸೆಕೆಂಡು ಸಾಕು. ಹೋಲ್ಗಾ ಅದಕ್ಕಿಂತ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಸುರಿಯುತ್ತದೆ. ಕಪ್ಪುಬಿಳುಪು ಫಿಲ್ಮ್ ಅದನ್ನು ತಾಳಿಕೊಳ್ಳುತ್ತದೆ, ಆದರೆ ಬೆಳಕು ಹೆಚ್ಚು ಬಿದ್ದಷ್ಟೂ ನೆಗೆಟಿವ್ ದಟ್ಟ ಕಪ್ಪಾಗುತ್ತದೆ. ಆದ್ದರಿಂದ ಹೋಲ್ಗಾ ಇಟ್ಟುಕೊಂಡವರು ಸ್ಕ್ಯಾನರ್‌ನ ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಅಳತೆ) ನೋಡುವ ಮೊದಲು, ಅದರ ಬೆಳಕು ಈ ದಟ್ಟ ಭಾಗವನ್ನು ದಾಟೀತೇ ಎಂದು ಕೇಳಬೇಕು.

ಟ್ಯಾಬ್ಲೆಟ್‌ನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು ಮೊಬೈಲ್‌ನಲ್ಲಿ ತೆಗೆಯುವುದು ಮೊದಲ ದಾರಿ. ಪರದೆಯ ಚುಕ್ಕಿಗಳು ಚಿತ್ರದಲ್ಲಿ ಮೂಡದಿರಲು ನೆಗೆಟಿವ್ ಅನ್ನು ಪರದೆಯಿಂದ ಮೂರು ನಾಲ್ಕು ಸೆಂಟಿಮೀಟರ್ ಎತ್ತರಿಸಬೇಕು. ಎತ್ತರಿಸಿದರೂ ಮೊಬೈಲ್ ತಾನಾಗಿಯೇ ಚಿತ್ರವನ್ನು ಚೂಪುಗೊಳಿಸಿ, ಫಿಲ್ಮಿನ ಕಣಗಳನ್ನು ಹುಳುಗಳಂತೆ ಮಾಡಿತು. ಯಾವ ಚಿತ್ರ ಸ್ಕ್ಯಾನ್‌ಗೆ ಯೋಗ್ಯ ಎಂದು ಐದು ನಿಮಿಷದಲ್ಲಿ ಆರಿಸಿಕೊಳ್ಳಲು ಇದು ಸಾಕು.

ಎರಡನೆಯದು ಫಿಲ್ಮ್ ಸ್ಕ್ಯಾನ್ ಮಾಡಬಲ್ಲ ಫ್ಲಾಟ್‌ಬೆಡ್ ಸ್ಕ್ಯಾನರ್. 2400 ಡಿಪಿಐನಲ್ಲಿ 56 ಮಿಲಿಮೀಟರ್ ಚೌಕದ ಚಿತ್ರ ಪ್ರತಿ ಬದಿಗೆ ಸುಮಾರು 5,290 ಪಿಕ್ಸೆಲ್ ಆಗುತ್ತದೆ. 1200ಕ್ಕೆ ಇಳಿಸಿದಾಗ ಕಣಗಳು ಮಸುಕಾದದ್ದು ಬಿಟ್ಟರೆ ಬೇರೇನೂ ಕಳೆಯಲಿಲ್ಲ, ಏಕೆಂದರೆ ಹೋಲ್ಗಾದ ಲೆನ್ಸೇ ಮೃದು, ಚಿತ್ರ ಅಷ್ಟು ಚೂಪಾಗಿ ಬರುವುದಿಲ್ಲ. ನನ್ನ ತಾಳ್ಮೆ ಪರೀಕ್ಷಿಸಿದ್ದು ಚಿತ್ರದ ಅಂಚನ್ನು ತಾನೇ ಹುಡುಕುವ ತಂತ್ರಾಂಶ. ಹೋಲ್ಗಾದಲ್ಲಿ ಮೂಲೆಗಳಿಗೆ ಬೆಳಕು ಕಡಿಮೆ, ಹಾಗಾಗಿ ನೆಗೆಟಿವ್‌ನಲ್ಲಿ ಅವು ತಿಳಿಯಾಗಿರುತ್ತವೆ. ತಂತ್ರಾಂಶ ಆ ತಿಳಿ ಮೂಲೆಗಳನ್ನು ಎರಡು ಚಿತ್ರಗಳ ನಡುವಿನ ಖಾಲಿ ಜಾಗವೆಂದು ತಿಳಿದು ಕತ್ತರಿಸಿಬಿಡುತ್ತದೆ. ಹೋಲ್ಗಾದ ಚೆಲುವೆಲ್ಲ ಇರುವುದೇ ಆ ಕಪ್ಪು ಮೂಲೆಗಳಲ್ಲಿ! ಸ್ವಯಂಚಾಲಿತ ಆಯ್ಕೆಯನ್ನು ಆಫ್ ಮಾಡಿ, ಚೌಕವನ್ನು ಕೈಯಾರೆ ಎಳೆದ ಮೇಲೆ ಸರಿಹೋಯಿತು. ಸುರುಳಿಯಾದ ಫಿಲ್ಮ್ ಗಾಜಿಗೆ ತಾಗಿದಲ್ಲೆಲ್ಲ ಮೂಡುವ ನ್ಯೂಟನ್ ಉಂಗುರಗಳೆಂಬ ಸುತ್ತುಸುತ್ತಿನ ಗೆರೆಗಳಿಗೆ, ಮಂಕಾದ ಬದಿಯನ್ನು ಗಾಜಿನ ಕಡೆ ಮಾಡಿ, ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿಕೊಳ್ಳುವುದೇ ಪರಿಹಾರ. ಅವಗೆಂಪು ಕಿರಣದಿಂದ ಧೂಳು ಅಳಿಸುವ ಸೌಲಭ್ಯ ಬೆಳ್ಳಿ ಕಣಗಳ ಕಪ್ಪುಬಿಳುಪು ಫಿಲ್ಮ್‌ಗೆ ಒಗ್ಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಸೀರೆಯಲ್ಲಿ ಮೂಡಿದ್ದು ಎರಡು ನೆರಿಗೆ ಮತ್ತು ಚಿತ್ರದಲ್ಲಿಲ್ಲದ ಒಂದಿಷ್ಟು ಗೆರೆಗೆರೆ ಕಲೆ.

ಮೂರನೆಯದು ಲೈಟ್ ಪ್ಯಾಡ್ ಮೇಲೆ ನೆಗೆಟಿವ್ ಇಟ್ಟು, ತೀರಾ ಹತ್ತಿರದಿಂದ ತೆಗೆಯಬಲ್ಲ ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುವುದು. ನನ್ನದು 24 ಮೆಗಾಪಿಕ್ಸೆಲ್. ಚೌಕದ ಚಿತ್ರಕ್ಕೆ ಅದರಲ್ಲಿ 16 ಮಾತ್ರ ಸಿಗುತ್ತದೆ, ಲೆಕ್ಕದಲ್ಲಿ ಫ್ಲಾಟ್‌ಬೆಡ್‌ಗಿಂತ ಕಡಿಮೆ. ಆದರೆ ಇಲ್ಲಿ ಎಕ್ಸ್‌ಪೋಶರ್ ನನ್ನ ಕೈಯಲ್ಲಿದೆ. ಅಜ್ಜಿಯ ಚಿತ್ರಕ್ಕೆ ಒಂದು ಸೆಕೆಂಡು ಬೆಳಕು ಕೊಟ್ಟು ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ತೆಗೆದೆ. ನೆರಿಗೆಗಳು ಒಂದೊಂದಾಗಿ ಬಂದವು, ಮಡಿಲ ಮೇಲೆ ಬಿದ್ದಿದ್ದ ಮೊರದ ನೆರಳೂ ಬಂತು. ಆ ನೆರಳು ಅಲ್ಲಿದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಇದನ್ನು ಹೊಂದಿಸಲು ಮೊದಲ ದಿನ ಅರ್ಧ ಗಂಟೆ ಹೋಯಿತು. ಕ್ಯಾಮೆರಾ ನೆಗೆಟಿವ್‌ಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಲೈಟ್ ಪ್ಯಾಡ್ ಮೇಲೆ ಪುಟ್ಟ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಸರಿಯಾಗಿದೆ. ನೆಗೆಟಿವ್‌ನ ಸುತ್ತ ಕಪ್ಪು ರಟ್ಟು ಇಡಲೇಬೇಕು, ಇಲ್ಲದಿದ್ದರೆ ಪಕ್ಕದ ಬೆಳಕು ಲೆನ್ಸಿಗೆ ಹೊಡೆದು ಚಿತ್ರ ಮಂಜಾಗುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಹನ್ನೆರಡು ಚಿತ್ರಕ್ಕೆ ಹತ್ತು ನಿಮಿಷ ಸಾಕಾಯಿತು. ಫ್ಲಾಟ್‌ಬೆಡ್‌ನಲ್ಲಿ ಅದಕ್ಕೇ ಸುಮಾರು ಒಂದು ಗಂಟೆ ಹಿಡಿದಿತ್ತು.

ಬಣ್ಣದ ಫಿಲ್ಮ್ ವಿಷಯದಲ್ಲಿ ಮಾತ್ರ ನನ್ನ ಮತ ಫ್ಲಾಟ್‌ಬೆಡ್‌ಗೆ. ಕ್ಯಾಮೆರಾ ಸ್ಕ್ಯಾನ್‌ನಲ್ಲಿ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ನಾವೇ ತೆಗೆಯಬೇಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತಂತ್ರಾಂಶದ ನೆಗಾಡಾಕ್ಟರ್ ಎಂಬ ಸಾಧನ ಆ ಕೆಲಸ ಮಾಡುತ್ತದೆ. ಆದರೂ ಮುಖದ ಬಣ್ಣ ಹದಕ್ಕೆ ಬರಲು ನನಗೆ ಒಂದೊಂದು ಚಿತ್ರಕ್ಕೂ ಕಾಲು ಗಂಟೆ ಬೇಕಾಯಿತು. ಸ್ಕ್ಯಾನರ್ ಅದನ್ನು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಂಡಿತು, ಬಣ್ಣದ ಫಿಲ್ಮ್‌ನಲ್ಲಿ ಧೂಳನ್ನೂ ಅಳಿಸಿತು.

ಈಗ ಹೋಲ್ಗಾಕ್ಕೆ, ಅಷ್ಟು ಬೆಳಕು ಸುರಿದರೂ ನೆಗೆಟಿವ್ ದಟ್ಟವಾಗದಿರಲೆಂದು, 100 ಐಎಸ್‌ಒ ರೋಲ್ ಹಾಕಿದ್ದೇನೆ. ಅಜ್ಜಿಯನ್ನು ಅದೇ ಹಿತ್ತಲಿನಲ್ಲಿ, ಅದೇ ಹೊತ್ತಿಗೆ, ಅದೇ ಸೀರೆಯಲ್ಲಿ ಕೂರಿಸುತ್ತೇನೆ. ಆ ತೆಳು ನೆಗೆಟಿವ್ ಅನ್ನು ಮೊದಲು ಫ್ಲಾಟ್‌ಬೆಡ್‌ನಲ್ಲೇ ಇಟ್ಟು ನೋಡುತ್ತೇನೆ.