ಪ್ಯಾಕರ್ಸ್ ಕಂಪನಿಯೋ, ಗಂಜಿನ ಹಮಾಲರೋ?

ಐದು ವರ್ಷಗಳಲ್ಲಿ ಮೂರು ಸಲ ಮನೆ ಬದಲಿಸಿದ್ದೇನೆ. ರಾಯಚೂರಿನೊಳಗೇ ಒಮ್ಮೆ ಟ್ರ್ಯಾಕ್ಟರಿನಲ್ಲಿ, ರಾಯಚೂರಿನಿಂದ ಕೊಪ್ಪಳಕ್ಕೆ ಪ್ಯಾಕರ್ಸ್ ಕಂಪನಿಯ ಮೂಲಕ, ಕಳೆದ ಮೇ ತಿಂಗಳಲ್ಲಿ ಕೊಪ್ಪಳದಿಂದ ಬಳ್ಳಾರಿಗೆ ಬಾಡಿಗೆ ಐಷರ್ ಗಾಡಿಯಲ್ಲಿ. ಮುಂದಿನ ವರ್ಗಾವಣೆ ಬಂದಾಗ ನಾನು ಮೊದಲು ಹೋಗುವುದು ಗಂಜಿಗೆ, ಅಂದರೆ ಕಾಳುಕಡಿಯ ಮಾರುಕಟ್ಟೆಗೆ, ಹಮಾಲರ ಬಳಿಗೆ. ಕಂಪನಿಯ ಬಗ್ಗೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಟ್ರ್ಯಾಕ್ಟರಿನ ಮಾತು ಬೇಗ ಮುಗಿಯುತ್ತದೆ. ಗಾಡಿ ಭಾವನದು, ಖರ್ಚು ಡೀಸೆಲ್ಲಿನದು ಮಾತ್ರ. ಟ್ರೇಲರು ಜಿಗಿದ ಜಿಗಿತಕ್ಕೆ ಬೀರುವಿನ ಬಾಗಿಲು ಇಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಊರೊಳಗೆ ಎರಡು ಕಿಲೋಮೀಟರಿಗೆ ಸಾಕು, ಅದಕ್ಕಿಂತ ದೂರಕ್ಕೆ ಬೇಡ.

ಕಂಪನಿಯವರ ಕಟ್ಟುವ ಕೆಲಸ ಮಾತ್ರ ಅಚ್ಚುಕಟ್ಟು. ಮೂವರು ಹುಡುಗರು ನಾಲ್ಕು ಗಂಟೆಯಲ್ಲಿ ಇಡೀ ಮನೆಯನ್ನು ರಟ್ಟು, ಗುಳ್ಳೆ ಹಾಳೆಗಳಲ್ಲಿ ಸುತ್ತಿ ಮುಗಿಸಿದರು. ಒಂದು ಲೋಟವೂ ಒಡೆಯಲಿಲ್ಲ. ತಕರಾರು ಇರುವುದು ಆಮೇಲಿನದರಲ್ಲಿ.

ಸಾಮಾನು ರಾಯಚೂರು ಬಿಟ್ಟಿದ್ದು ಜೂನ್ ತಿಂಗಳ ಒಂದು ಗುರುವಾರ ಸಂಜೆ. ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ ದಾಟಿದರೆ ಕೊಪ್ಪಳ. ಬೆಳಿಗ್ಗೆ ಬಸ್ ಹತ್ತಿದವರು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ. ಶುಕ್ರವಾರ ಗಾಡಿ ಬರುತ್ತದೆಂದು ನಂಬಿ ನಾವು ಬೆಳಗಿನ ಬಸ್ಸಿಗೇ ಹೊರಟು ಬಂದೆವು. ಆಷಾಢ ಹಿಡಿಯುವ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆಂಬುದು ಅಮ್ಮನ ಹಟ. ಗಾಡಿ ಬರಲಿಲ್ಲ. ಪಕ್ಕದ ಮನೆಯವರಿಂದ ಒಲೆ, ಪಾತ್ರೆ ಇಸಿದುಕೊಂಡು ಹಾಲು ಉಕ್ಕಿಸಿ, ಬರಿ ನೆಲದ ಮೇಲೆ ಚಾದರ ಹಾಸಿ ಮಲಗಿದೆವು. ಶನಿವಾರ ಫೋನ್ ಮಾಡಿದರೆ "ದಾರಿಯಲ್ಲಿದೆ ಸರ್" ಎಂದರು. ಭಾನುವಾರ ಫೋನ್ ಎತ್ತಲಿಲ್ಲ.

ಸೋಮವಾರ ಗೊತ್ತಾಯಿತು, ನಮ್ಮ ಸಾಮಾನು ಹೈದರಾಬಾದಿನ ಗೋದಾಮಿನಲ್ಲಿದೆ ಎಂದು. ನೈರುತ್ಯಕ್ಕೆ ಬರಬೇಕಾದದ್ದು ಈಶಾನ್ಯಕ್ಕೆ ಸುಮಾರು ಇನ್ನೂರು ಕಿಲೋಮೀಟರು ಹೋಗಿ ಕುಳಿತಿತ್ತು! ಬಿಲ್ಟಿ, ಅಂದರೆ ಸಾಮಾನು ಸಾಗಣೆಯ ರಸೀದಿ, ತೆಗೆದು ನೋಡಿದೆ. ಮೂಲೆಯಲ್ಲಿ "ಪಾರ್ಟ್ ಲೋಡ್" ಎಂದು ಬರೆದಿತ್ತು, ಕೆಳಗೆ ನನ್ನದೇ ಸಹಿ. ಪಾರ್ಟ್ ಲೋಡ್ ಎಂದರೆ ಒಂದೇ ಲಾರಿಯಲ್ಲಿ ನಾಲ್ಕೈದು ಮನೆಯ ಸಾಮಾನು. ಲಾರಿ ತುಂಬದೆ ಹೊರಡುವುದಿಲ್ಲ. ನಮ್ಮಂತಹ ಊರುಗಳ ನಡುವೆ ದಿನವೂ ಅಷ್ಟು ಸಾಮಾನು ಸಿಗದ ಕಾರಣ ಎಲ್ಲವನ್ನೂ ಮೊದಲು ದೊಡ್ಡ ಊರಿನ ಗೋದಾಮಿಗೆ ಒಯ್ದು, ಅಲ್ಲಿಂದ ನಮ್ಮ ದಿಕ್ಕಿಗೆ ಬರುವ ಲಾರಿಗೆ ಏರಿಸುತ್ತಾರೆ. ಫೋನಿನಲ್ಲಿ ಹೇಳಿದ ಅಗ್ಗದ ದರದ ಗುಟ್ಟು ಇದು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಒಪ್ಪುತ್ತಲೇ ಇರಲಿಲ್ಲ.

ಮಗಳ ವರ್ಗಾವಣೆ ಪತ್ರ ಬೀರುವಿನ ಲಾಕರಿನಲ್ಲಿತ್ತು. ಶಾಲೆಗಳು ಶುರುವಾಗಿದ್ದವು. ಟಿ.ಸಿ. ತನ್ನಿ, ಆಮೇಲೆ ಕೂರಿಸಿಕೊಳ್ಳುತ್ತೇವೆ ಎಂದು ಹೊಸ ಶಾಲೆಯವರು ಹೇಳಿದರು. ಅದು ಅವರ ನಿಯಮ, ತಪ್ಪು ನನ್ನದು. ಅಂತಹ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕಿತ್ತು. ಆದರೂ ಮಗು ಮೂರು ದಿನ ಕಿಟಕಿಯಲ್ಲಿ ನಿಂತು ಶಾಲೆಗೆ ಹೋಗುವ ಬೇರೆ ಮಕ್ಕಳನ್ನು ನೋಡುತ್ತಿದ್ದದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ಬುಧವಾರ ರಾತ್ರಿ ಬಂದ ಉದ್ದ ಕಂಟೇನರು ಕೊಪ್ಪಳದ ಭಾಗ್ಯನಗರದ ನಮ್ಮ ಓಣಿಗೆ ಹಿಡಿಸಲಿಲ್ಲ. ದೊಡ್ಡ ರಸ್ತೆಯಲ್ಲೇ ಇಳಿಸಿದರು. ಅಲ್ಲಿಂದ ಮನೆಗೆ ಟಾಟಾ ಏಸ್ ಕರೆಸಿದ್ದು ನಾನು, 1,200 ರೂಪಾಯಿ ಕೊಟ್ಟದ್ದೂ ನಾನು. 14,000 ಎಂದಿದ್ದ ದರ ಮಹಡಿ ಏರಿಸಿದ ಕೂಲಿ, ವಿಮೆ, ಶೇ. 18ರ ಜಿ.ಎಸ್.ಟಿ. ಎಲ್ಲ ಸೇರಿ 21,500ಕ್ಕೆ ಮುಟ್ಟಿತ್ತು. ವಿಮೆಯ ಪಾಲಿಸಿ ಸಂಖ್ಯೆ ಕೇಳಿದ್ದೆ, ಇಂದಿಗೂ ಕೊಟ್ಟಿಲ್ಲ.

ಈಗ ಮೂರನೆಯ ಸಲದ ಮಾತು, ಹಮಾಲರದು. ಕೊಪ್ಪಳದಲ್ಲಿ ಸಂಜೆ ಗೂಡ್ಸ್ ಗಾಡಿಗಳು ನಿಲ್ಲುವಲ್ಲಿಗೆ ಹೋಗಿ, ಬಳ್ಳಾರಿಗೆ ಖಾಲಿ ವಾಪಸಾಗುವ ಗಾಡಿ ಯಾವುದಿದೆ ಎಂದು ಕೇಳಿದೆ. ಹದಿನಾಲ್ಕು ಅಡಿಯ ಐಷರ್ 7,000 ರೂಪಾಯಿಗೆ ಒಪ್ಪಿತು. ಟಾಟಾ ಏಸ್ ಇನ್ನೂ ಅಗ್ಗ. ಆದರೆ ಅದರ ತೊಟ್ಟಿ ಏಳು ಅಡಿ. ಎರಡು ಕೋಣೆಯ ಮನೆಗೆ ಎರಡು ಸುತ್ತು ಹೊಡೆಯಬೇಕು. ಭಾನುವಾರ ಗಂಜಿನಲ್ಲಿ ವ್ಯಾಪಾರವಿರಲಿಲ್ಲ, ನಾಲ್ವರು ಹಮಾಲರು ತಲೆಗೆ 700 ರೂಪಾಯಿಯಂತೆ ಬಂದರು.

ಅವರ ಕೆಲಸ ನೋಡುವಂತಿತ್ತು. ಹಿರಿಯ ಹಮಾಲರು ಮನೆಯನ್ನೆಲ್ಲ ಒಮ್ಮೆ ಸುತ್ತಿ, "ಜೋಳದ ಚೀಲ ಮೊದಲು ಸರ್, ಅವು ತಳದಲ್ಲಿದ್ದರೆ ಗಾಡಿ ಕುಣಿಯುವುದಿಲ್ಲ" ಎಂದರು. ಚೀಲಗಳ ಮೇಲೆ ಬೀರುವನ್ನು ಬೆನ್ನ ಮೇಲೆ ಮಲಗಿಸಿದರು, ಫ್ರಿಜ್ಜನ್ನು ನಿಂತಂತೆಯೇ ಹಗ್ಗ ಬಿಗಿದರು, ಅಡುಗೆಮನೆಯದನ್ನು ಕೊನೆಗೆ ಹತ್ತಿಸಿದರು, ಇಳಿಸುವಾಗ ಅದೇ ಮೊದಲು ಕೈಗೆ ಬರಲಿ ಎಂದು. ಕಟ್ಟುವ ಕೆಲಸ ನಮ್ಮದೇ ಆಗಿತ್ತು. ಹತ್ತು ದಿನ ಹಿಡಿಯಿತು. ಪಾತ್ರೆಗಳಿಗೆ ಹಳೆ ಸೀರೆ, ಬಟ್ಟೆಗಳಿಗೆ ಗಂಗಾವತಿಯ ಅಕ್ಕಿಯ ಖಾಲಿ ಚೀಲ, ಪುಸ್ತಕಗಳಿಗೆ ಕಿರಾಣಿ ಅಂಗಡಿಯ ಸಣ್ಣ ರಟ್ಟಿನ ಪೆಟ್ಟಿಗೆ. ಪುಸ್ತಕಗಳಿಗೆ ದೊಡ್ಡ ಪೆಟ್ಟಿಗೆ ಬೇಡವೇ ಬೇಡ, ಎತ್ತಲಾಗದೆ ತಳ ಕಿತ್ತುಬರುತ್ತದೆ.

ಒಂದು ಕೊರತೆ ಇದೆ. ಹೊಸಪೇಟೆ, ತೋರಣಗಲ್ಲು ದಾಟುವಾಗ ಅದಿರು ಲಾರಿಗಳ ಕೆಂಪು ಧೂಳು ತಾಡಪತ್ರಿಯ ಸಂದಿಯಿಂದ ನುಗ್ಗಿ ಹಾಸಿಗೆಗೆಲ್ಲ ಬಣ್ಣ ಹಚ್ಚಿತು. ಕಂಟೇನರಿನಲ್ಲಿ ಇದು ಆಗುತ್ತಿರಲಿಲ್ಲ. ಬಳ್ಳಾರಿಯಲ್ಲಿ ಮೊದಲ ಎರಡು ದಿನ ಒಗೆಯುವುದೇ ಕೆಲಸವಾಯಿತು. ನೀವು ಹಾಸಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಮ್ ಟೇಪ್ ಹಚ್ಚಿಬಿಡಿ.

ಇಳಿಸುವ ಕೂಲಿ, ಹಗ್ಗ, ಚಹಾ ಸೇರಿ 12,300 ಆಯಿತು. ದಾರಿ ಸುಮಾರು ನೂರು ಕಿಲೋಮೀಟರು, ರಾಯಚೂರಿನ ದಾರಿಗಿಂತ ಕಡಿಮೆ. ಆದ್ದರಿಂದ ಹಣದ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ದಿನಗಳ ಹೋಲಿಕೆ ನ್ಯಾಯದ್ದು. ಬೆಳಿಗ್ಗೆ ಏಳಕ್ಕೆ ಹತ್ತಿಸಿದ ಸಾಮಾನು ಮಧ್ಯಾಹ್ನ ಎರಡಕ್ಕೆ ಬಳ್ಳಾರಿಯ ಮನೆಯೊಳಗಿತ್ತು, ಡ್ರೈವರ್ ಪಕ್ಕದಲ್ಲಿ ನಾನೇ ಕುಳಿತಿದ್ದೆ.

ಗ್ಯಾಸ್ ಸಿಲಿಂಡರ್ ಎರಡೂ ಸಲ ಗಾಡಿ ಹತ್ತಲಿಲ್ಲ. ಹಳೆ ಊರಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ವೋಚರ್ ಪಡೆದು, ಅದನ್ನು ತೋರಿಸಿ ಹೊಸ ಊರಿನಲ್ಲಿ ಸಂಪರ್ಕ ತೆಗೆದುಕೊಳ್ಳಬೇಕು. ಬಾಡಿಗೆ ಮನೆ ಬಿಡುವಾಗ ಜೆಸ್ಕಾಂನ ಕರೆಂಟ್ ಬಿಲ್ ಕಟ್ಟಿದ ರಸೀದಿಯನ್ನು ಮನೆ ಮಾಲೀಕರ ಕೈಗೆ ಕೊಡಿ, ಮುಂಗಡ ವಾಪಸು ಬರುವಾಗ ಮಾತು ಬೆಳೆಯುವುದಿಲ್ಲ.

ನಮ್ಮ ಮನೆಯಲ್ಲಿ ಗಾಜಿನ ಮೇಜಿಲ್ಲ, ದುಬಾರಿ ಸೋಫಾ ಇಲ್ಲ, ಕಟ್ಟಲು ನಾಲ್ಕು ಜನ ಇದ್ದೇವೆ. ನನಗೆ ಹಮಾಲರೇ ಸರಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಬೆಂಗಳೂರಿನಂತಹ ದೂರದ ಊರಿಗೆ ಹೊರಟವರು ಕಂಪನಿಯನ್ನೇ ಹಿಡಿಯಲಿ. ಆದರೆ ಇಡೀ ಗಾಡಿ ನಮ್ಮದೊಂದೇ ಮನೆಗೆ, ಗೋದಾಮಿನಲ್ಲಿ ಇಳಿಸುವಂತಿಲ್ಲ ಎಂದು ಬಿಲ್ಟಿಯ ಮೇಲೆ ಬರೆಸಿಕೊಂಡ ಮೇಲೆಯೇ ಸಹಿ ಹಾಕಲಿ.