ಭರ್ತಿಯಾದ ದಿನ ಮ್ಯಾಜಿಕ್ ಕಿಂಗ್‌ಡಮ್: ಡಿಸೆಂಬರ್ 30ರ ಒಂದು ಭೇಟಿ

ಫ್ಲೋರಿಡಾದಲ್ಲಿರುವ ಡಿಸ್ನಿ ಸಂಸ್ಥೆಯ ಮ್ಯಾಜಿಕ್ ಕಿಂಗ್‌ಡಮ್ ಮನರಂಜನಾ ಪಾರ್ಕಿಗೆ ನಾವು ಈವರೆಗೆ ನಾಲ್ಕು ಬಾರಿ ಹೋಗಿದ್ದೇವೆ. ಮೂರು ಭೇಟಿಗಳು ಶಾಲೆ ನಡೆಯುತ್ತಿರುವ ತಿಂಗಳುಗಳಲ್ಲಿ, ವಾರದ ಮಧ್ಯದಲ್ಲಿ ಆದವು. ನಾಲ್ಕನೆಯದು ಮಾತ್ರ ಡಿಸೆಂಬರ್ 30ರಂದು, ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ಆ ವಾರದಲ್ಲಿ ಪಾರ್ಕು ಕಿಕ್ಕಿರಿದು ತುಂಬುತ್ತದೆ. ಆಗ ಹೋಗಲೇಬೇಡಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಆದರೆ ತಂದೆತಾಯಿಯ ಪ್ರಯಾಣ, ನಮ್ಮ ಕಚೇರಿಯ ರಜೆ, ಮಗುವಿನ ಶಾಲೆಯ ರಜೆ ಮೂರೂ ಕೂಡಿಬರುವುದು ಆ ವಾರದಲ್ಲಿಯೇ, ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಸ್ಥಿತಿಯೂ ಇದೇ. ಆದ್ದರಿಂದ ರೈಡ್‌ಗಳ ವರ್ಣನೆಯನ್ನು ಬದಿಗಿಟ್ಟು, ಪಾರ್ಕು ಭರ್ತಿಯಾದಾಗ ಅಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಪಾರ್ಕಿನ ನಿಜವಾದ ಯೋಗ್ಯತೆ ಗೊತ್ತಾಗುವುದು ಅದು ‘ಇನ್ನು ಸಾಕು’ ಎಂದು ಹೇಳಬೇಕಾಗಿ ಬರುವ ದಿನದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮದು ಸಿರಸಿ ಕಡೆಯ ಮನೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯನ್ನು ಬಾಲ್ಯದಿಂದ ಕಂಡಿರುವ ಅಪ್ಪನಿಗೆ ಜನಜಂಗುಳಿ ಹೊಸದಲ್ಲ. ಹೊರಡುವ ಮುನ್ನ, “ಜಾತ್ರೆಗಿಂತ ಹೆಚ್ಚು ಜನ ಇರ್ತಾರೇನೆ ಅಲ್ಲಿ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ವಿಚಾರವಿದೆ. ಜಾತ್ರೆಗೆ ಗೇಟಿಲ್ಲ, ಜನ ಹೆಚ್ಚಿದಂತೆ ಪೇಟೆಯ ಬೀದಿ, ಗದ್ದೆಯ ಬಯಲು, ನೆಂಟರ ಜಗುಲಿ ಎಲ್ಲವೂ ಜಾತ್ರೆಯೊಳಗೆ ಸೇರಿಕೊಳ್ಳುತ್ತವೆ, ಊರೇ ಹಿಗ್ಗುತ್ತದೆ. ಪಾರ್ಕಿನ ಸುತ್ತ ಬೇಲಿಯಿದೆ, ಒಳಗೆ ಬಂದವರೆಲ್ಲ ಹಣ ಕೊಟ್ಟು ಬಂದವರು, ಹಾಗಾಗಿ ಹಿಗ್ಗಲು ಅಲ್ಲಿ ಜಾಗವೇ ಇಲ್ಲ. ಚಿತ್ರಮಂದಿರವಾದರೆ ಕುರ್ಚಿಗಳನ್ನು ಎಣಿಸಿ ಹೌಸ್‌ಫುಲ್ ಬೋರ್ಡ್ ಹಾಕಬಹುದು. ಪಾರ್ಕಿನಲ್ಲಿ ಎಣಿಸಲು ಕುರ್ಚಿಗಳೂ ಇಲ್ಲ.

ಹಾಗಾದರೆ ಭರ್ತಿ ಎಂದರೇನು? ಮ್ಯಾಜಿಕ್ ಕಿಂಗ್‌ಡಮ್‌ನ ಸಾಮರ್ಥ್ಯ ಎಷ್ಟೆಂಬ ಸಂಖ್ಯೆಯನ್ನು ಡಿಸ್ನಿ ಸಂಸ್ಥೆ ಪ್ರಕಟಿಸುವುದಿಲ್ಲ. ಆದರೆ ಲೆಕ್ಕದ ಬಗೆಯನ್ನು ನಾವೇ ಊಹಿಸಿಕೊಳ್ಳಬಹುದು. ಮಕ್ಕಳಿಗೆ ಅಚ್ಚುಮೆಚ್ಚಾದ ಡಂಬೋ ಆನೆಯ ರೈಡನ್ನೇ ತೆಗೆದುಕೊಳ್ಳಿ. ಅಲ್ಲಿ ಎರಡು ಚಕ್ರಗಳಿವೆ, ಒಂದೊಂದರಲ್ಲಿ ಹದಿನಾರು ಆನೆಗಳು, ಒಂದು ಆನೆಯ ಮೇಲೆ ಇಬ್ಬರು. ಒಮ್ಮೆಗೆ 64 ಮಂದಿ. ಹತ್ತಿಸಿ, ಸುತ್ತಿಸಿ, ಇಳಿಸಲು ನಾಲ್ಕು ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ ಹದಿನೈದು ಸುತ್ತು, ಒಂದು ಆನೆಯೂ ಖಾಲಿ ಹೋಗದಿದ್ದರೆ 960 ಜನ. ಮೊದಲು ಇಲ್ಲಿ ಒಂದೇ ಚಕ್ರವಿತ್ತು; 2012ರಲ್ಲಿ ಎರಡನೆಯದನ್ನು ಸೇರಿಸಿದ್ದರ ಹಿಂದೆ ಈ ಲೆಕ್ಕವೇ ಇದೆ. ಹಾಂಟೆಡ್ ಮ್ಯಾನ್ಶನ್ ಎಂಬ ದೆವ್ವದ ಮನೆಯ ರೈಡಿನಲ್ಲಿ ಬಂಡಿಗಳು ನಿಲ್ಲದೆ ಸರಪಳಿಯಂತೆ ಸಾಗುತ್ತಲೇ ಇರುತ್ತವೆ, ಜನ ಚಲಿಸುವ ಪಟ್ಟಿಯ ಮೇಲೆ ನಡೆದು ಬಂದು ಹತ್ತಿಕೊಳ್ಳುತ್ತಾರೆ. ಆದ್ದರಿಂದ ಅದರ ಸಾಲು ಉದ್ದವಾಗಿ ಕಂಡರೂ ಬೇಗ ಕರಗುತ್ತದೆ. ಹೀಗೆ ಪ್ರತಿಯೊಂದು ರೈಡು, ಹೋಟೆಲು, ಮೆರವಣಿಗೆ, ಶೌಚಾಲಯ ಇಷ್ಟಿಷ್ಟು ಜನರನ್ನು ತನ್ನೊಳಗೆ ಹಿಡಿದಿಡುತ್ತದೆ. ಅವುಗಳಲ್ಲಿ ಹಿಡಿಸದೆ ಉಳಿದವರು ದಾರಿಯಲ್ಲಿರುತ್ತಾರೆ. ದಾರಿಯಲ್ಲಿರುವವರು ನಡೆಯಲಾಗದೆ ನಿಂತುಬಿಟ್ಟರೆ ಪಾರ್ಕು ಭರ್ತಿಯಾಯಿತೆಂದೇ ಅರ್ಥ; ಒಳ್ಳೆಯ ಆಡಳಿತ ಆ ಘಳಿಗೆಗಿಂತ ಬಹಳ ಮೊದಲೇ ಗೇಟನ್ನು ಬಿಗಿ ಮಾಡುತ್ತದೆ.

ಇಲ್ಲಿ ಗೇಟನ್ನು ಹಂತ ಹಂತವಾಗಿ ಬಿಗಿ ಮಾಡುವ ಪದ್ಧತಿ ಹಲವು ವರ್ಷಗಳಿಂದ ಇತ್ತು. ಮೊದಲ ಹಂತದಲ್ಲಿ ಆ ದಿನವೇ ಟಿಕೆಟ್ ಕೊಳ್ಳಲು ಬಂದವರನ್ನು ಬೇರೆ ಪಾರ್ಕುಗಳಿಗೆ ಕಳುಹಿಸುತ್ತಿದ್ದರು. ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಮೂರೂ ಅದೇ ಆವರಣದಲ್ಲಿರುವುದರಿಂದ ಅದು ಸಾಧ್ಯವಾಗುತ್ತಿತ್ತು. ಜನ ಇನ್ನೂ ಹೆಚ್ಚಿದರೆ ಡಿಸ್ನಿಯದೇ ಹೋಟೆಲುಗಳಲ್ಲಿ ತಂಗಿದವರಿಗೆ ಮಾತ್ರ ಪ್ರವೇಶ. ಕೊನೆಯ ಹಂತದಲ್ಲಿ ಯಾರಿಗೂ ಇಲ್ಲ. 2020ರ ಜುಲೈನಲ್ಲಿ ಕೋವಿಡ್ ನಂತರ ಪಾರ್ಕು ಮತ್ತೆ ತೆರೆದಾಗ ದಿನವನ್ನು ಮುಂಚಿತವಾಗಿ ಕಾಯ್ದಿರಿಸುವ ವ್ಯವಸ್ಥೆ ಬಂತು, 2024ರ ಜನವರಿ 9ರಿಂದ ದಿನಾಂಕ ನಮೂದಿಸಿದ ಟಿಕೆಟ್ ಹೊಂದಿದವರಿಗೆ ಪ್ರತ್ಯೇಕ ಕಾಯ್ದಿರಿಸುವಿಕೆ ಬೇಡವಾಯಿತು. ಈಗ ಬಹುಮಟ್ಟಿಗೆ ಟಿಕೆಟ್ಟಿನ ಮೇಲಿನ ದಿನಾಂಕವೇ ಗೇಟಿನ ಕೆಲಸ ಮಾಡುತ್ತಿದೆ. ದರವೂ ಅದೇ ಕೆಲಸಕ್ಕೆ ನೆರವಾಗುತ್ತದೆ: 2022ರ ಡಿಸೆಂಬರಿನಲ್ಲಿ ಪಾರ್ಕಿಗೊಂದು ದರ ಎಂದಾದಾಗ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ ಅತಿ ದಟ್ಟಣೆಯ ದಿನಗಳಲ್ಲಿ 189 ಡಾಲರಿಗೆ ಏರಿತು. ಹೆಚ್ಚಿನ ಬೆಲೆಯಿಂದ ಜನರನ್ನು ಹಂಚುವುದು ನ್ಯಾಯವೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ. ಆದರೂ ಮನೆಯಲ್ಲಿ ಕುಳಿತು ಕ್ಯಾಲೆಂಡರಿನಲ್ಲಿ ‘ಟಿಕೆಟ್ ಇಲ್ಲ’ ಎಂದು ಓದುವುದು, ಮಕ್ಕಳೊಂದಿಗೆ ನೂರಾರು ಮೈಲಿ ಬಂದು ಬಾಗಿಲಲ್ಲಿ ಅದನ್ನು ಕೇಳುವುದಕ್ಕಿಂತ ಎಷ್ಟೋ ಮೇಲು.

ಬಾಗಿಲಲ್ಲಿ ಕೇಳಬೇಕಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನ ಉದಾಹರಣೆಯಿದೆ. 2005ರ ಸೆಪ್ಟೆಂಬರಿನಲ್ಲಿ ತೆರೆದ ಆ ಪಾರ್ಕು, 2006ರ ಚೀನೀ ಹೊಸ ವರ್ಷದ ರಜೆಯಲ್ಲಿ ಭರ್ತಿಯಾಗಿ ಗೇಟು ಮುಚ್ಚಬೇಕಾಯಿತು. ಆಗ ಮಾರಾಟವಾಗಿದ್ದ ಟಿಕೆಟ್ಟುಗಳಲ್ಲಿ ಇಂಥದ್ದೇ ದಿನ ಎಂದಿರಲಿಲ್ಲ, ಆರು ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದಿತ್ತು. ಆದ್ದರಿಂದ ಯಾವ ಬೆಳಿಗ್ಗೆ ಎಷ್ಟು ಮಂದಿ ಬರುತ್ತಾರೆಂದು ಅಂದಾಜಿಸುವುದು ಕಷ್ಟವಾಯಿತು. ಚೀನಾದ ಒಳನಾಡಿನಿಂದ ದೂರ ಪ್ರಯಾಣ ಮಾಡಿ ಬಂದ ಕುಟುಂಬಗಳು ಕೈಯಲ್ಲಿ ಟಿಕೆಟ್ ಹಿಡಿದು ಹೊರಗೆ ನಿಂತವು, ಕೆಲವರು ಬೇಲಿ ಹತ್ತಿದರು, ಕೆಲವರು ಮಕ್ಕಳನ್ನು ಗೇಟಿನ ಮೇಲಿಂದ ಎತ್ತಿ ಒಳಗೆ ದಾಟಿಸಿದರು. ಆಡಳಿತ ಸಾರ್ವಜನಿಕವಾಗಿ ಕ್ಷಮೆ ಕೇಳಿತು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಮೊದಲ ಡಿಸ್ನಿಲ್ಯಾಂಡ್ ಉದ್ಘಾಟನೆಯ ದಿನವೂ ನಕಲಿ ಟಿಕೆಟ್ಟುಗಳ ಕಾರಣದಿಂದ, ಕರೆದವರಿಗಿಂತ ಬಹಳ ಹೆಚ್ಚು ಮಂದಿ, ಸುಮಾರು 28,000 ಜನ ಒಳಗೆ ಬಂದಿದ್ದರು. ಊಟ ಮುಗಿದುಹೋಯಿತು, ಬಿಸಿಲಿಗೆ ಮೆತ್ತಗಾದ ಹೊಸ ಡಾಂಬರಿನಲ್ಲಿ ಹೆಂಗಸರ ಎತ್ತರದ ಹಿಮ್ಮಡಿಗಳು ಹೂತುಹೋದವು.

ನಾನು ಸ್ವತಃ ಕಂಡ ಇನ್ನೊಂದು ಪಾರ್ಕಿನ ವಿಷಯವನ್ನೂ ಹೇಳಬೇಕು, ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಗೆ ಊರಿಗೆ ಹೋದಾಗ ತಮ್ಮನ ಮಕ್ಕಳನ್ನು ಒಂದು ವಾಟರ್ ಪಾರ್ಕಿಗೆ ಕರೆದೊಯ್ದಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೇ ಲಾಕರುಗಳು ಮುಗಿದಿದ್ದವು, ಬಾಡಿಗೆಯ ಈಜುಡುಪುಗಳೂ ಮುಗಿದಿದ್ದವು, ಆದರೆ ಟಿಕೆಟ್ ಕೌಂಟರಿನ ಮುಂದೆ ಮಾರಾಟ ನಡೆದೇ ಇತ್ತು. ಅಲೆಯ ಕೊಳದಲ್ಲಿ ಈಜುವುದಿರಲಿ, ಕೂರಲೂ ಜಾಗವಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಜನ ಬಸ್ಸಿನಲ್ಲಿ ನಿಂತಂತೆ ನಿಂತಿದ್ದರು. ಅಲೆ ಶುರುವಾಗುವ ಸೈರನ್ ಕೂಗಿದಾಗ ತಮ್ಮನ ಎಂಟು ವರ್ಷದ ಮಗ ನನ್ನ ಕೈ ಹಿಡಿದಿದ್ದ, ಮರುಕ್ಷಣ ಹಿಡಿದಿರಲಿಲ್ಲ. ಅರ್ಧ ನಿಮಿಷದಲ್ಲಿ ಸಿಕ್ಕಿದ, ಒಬ್ಬ ಹೆಂಗಸು ಅವನನ್ನು ಎತ್ತಿ ಹಿಡಿದುಕೊಂಡಿದ್ದರು. ಹೊರಗೆ ಬಂದು ಕೌಂಟರಿನಲ್ಲಿ, ಇಷ್ಟು ಜನ ಇರುವಾಗ ಇನ್ನೂ ಟಿಕೆಟ್ ಕೊಡುತ್ತಿದ್ದೀರಲ್ಲ ಎಂದು ಕೇಳಿದರೆ, “ಭಾನುವಾರ ಅಲ್ವಾ ಮೇಡಂ, ಹಿಂಗೇ” ಎಂಬ ಉತ್ತರ ಬಂತು. ಆ ಅರ್ಧ ನಿಮಿಷವನ್ನು ನಾನು ಮರೆತಿಲ್ಲ. ಭರ್ತಿಯಾದ ಪಾರ್ಕು ಬಾಗಿಲು ಹಾಕುವುದನ್ನು ಜನರ ಮೇಲಿನ ಕಾಳಜಿ ಎಂದೇ ನಾನು ಎಣಿಸಲು ಅದೇ ಕಾರಣ.

ಡಿಸೆಂಬರ್ 30ರ ವಿಷಯಕ್ಕೆ ಬರುತ್ತೇನೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಬರುವವರು ನೇರವಾಗಿ ಗೇಟಿಗೆ ಹೋಗಲಾರರು. ಕೆರೆಯ ಈಚೆ ದಡದಲ್ಲಿ ಕಾರು ನಿಲ್ಲಿಸಿ, ತಪಾಸಣೆ ಮುಗಿಸಿ, ಮೊನೊರೈಲಿನಲ್ಲೋ ದೊಡ್ಡ ಫೆರ್ರಿ ದೋಣಿಯಲ್ಲೋ ಆಚೆಗೆ ಹೋಗಬೇಕು. ಒಂದು ದೋಣಿ ಸುಮಾರು 600 ಜನರನ್ನು ಹೊರುತ್ತದೆ. ಹಿಂದಿನ ಭೇಟಿಗಳಲ್ಲಿ ಇದು ವೃಥಾ ವಿಳಂಬ ಎನಿಸಿತ್ತು. ಈ ಬಾರಿ ಅದರ ಉಪಯೋಗ ಅರ್ಥವಾಯಿತು. ಪ್ರವಾಹದಂತೆ ಬರುವ ಜನರನ್ನು ಕೆರೆ ಮಡಿಕೆ ಮಡಿಕೆಯಾಗಿ ಮೊಗೆದು ಗೇಟಿಗೆ ಕೊಡುತ್ತದೆ, ಗೇಟಿನ ಮುಂದೆ ನೂಕುನುಗ್ಗಲು ಆಗುವುದಿಲ್ಲ. ಡಿಸ್ನಿ ಹೋಟೆಲುಗಳ ಬಸ್ಸುಗಳು ಮಾತ್ರ ಗೇಟಿನ ಬಳಿಯೇ ಇಳಿಸುತ್ತವೆ, ಅಲ್ಲಿ ತಂಗಿದವರಿಗೆ ಅರ್ಧ ಗಂಟೆ ಮುಂಚೆ ಪ್ರವೇಶವೂ ಇದೆ.

ಒಳಗಿನ ದಟ್ಟಣೆ ನಿಜವಾಗಿಯೂ ದೊಡ್ಡದು. ಕೋಟೆಯ ಮುಂದಿನ ವೃತ್ತದಲ್ಲಿ ಹೆಜ್ಜೆಗೆ ಹೆಜ್ಜೆ ತಾಗುತ್ತಿತ್ತು, ಸ್ಟ್ರೋಲರುಗಳ ಸಾಲು ಅಂಗಡಿಗಳ ಗೋಡೆಯುದ್ದಕ್ಕೂ ಹರಡಿತ್ತು. ಆದರೆ ಎಲ್ಲಿಯೂ ಜನ ನಿಂತುಬಿಡಲಿಲ್ಲ. ಹೊಳೆಯುವ ಕೋಲು ಹಿಡಿದ ಸಿಬ್ಬಂದಿ ನೆಲದ ಮೇಲೆ ಟೇಪು ಎಳೆದು ಇದು ಹೋಗುವ ದಾರಿ, ಇದು ಬರುವ ದಾರಿ ಎಂದು ವಿಂಗಡಿಸಿದ್ದರು. ಸಾಲು ತನಗಾಗಿ ಕಟ್ಟಿದ ಜಾಗವನ್ನು ಮೀರಿ ಹೊರಗೆ ಬಂದಲ್ಲೆಲ್ಲ ಒಬ್ಬರು ಸಾಲಿನ ಬಾಲದಲ್ಲಿ ಫಲಕ ಹಿಡಿದು ನಿಂತಿದ್ದು, ಸಾಲು ಬೆಳೆದಂತೆ ತಾವೂ ಹಿಂದೆ ಸರಿಯುತ್ತಿದ್ದರು. ಹಾಂಟೆಡ್ ಮ್ಯಾನ್ಶನ್‌ನ ಬಾಗಿಲಲ್ಲಿ ನಮ್ಮ ಮಗಳ ಕೈಗೆ ಒಂದು ಕೆಂಪು ಕಾರ್ಡ್ ಕೊಟ್ಟರು. ಅದನ್ನು ಕೊರಳಿಗೆ ಹಾಕಿಕೊಂಡು ರೈಡ್ ಹತ್ತುವಲ್ಲಿ ಹಿಂದಿರುಗಿಸಬೇಕು. ಬಾಗಿಲಿಂದ ಅಲ್ಲಿಗೆ ಬರಲು ಹಿಡಿದ ಸಮಯದಿಂದ ಅವರು ಕಾಯುವ ಅವಧಿಯನ್ನು ಲೆಕ್ಕ ಹಾಕಿ ಬೋರ್ಡಿನಲ್ಲಿ ತೋರಿಸುತ್ತಾರೆ. ಸಾಲಿನುದ್ದಕ್ಕೂ ಅವಳು ಆ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಬಂದಳು, ಅಜ್ಜ ಮುಟ್ಟಲು ಹೋದರೂ ಕೊಡಲಿಲ್ಲ.

ಊಟದ ಬಗ್ಗೆ ಒಂದು ಮಾತು. ಫೋನಿನಲ್ಲೇ ಊಟ ಹೇಳಿ, ಸಿಕ್ಕ ಸಮಯಕ್ಕೆ ಹೋಗಿ ತರುವ ಪದ್ಧತಿಯಿದೆ. ಭರ್ತಿಯ ದಿನ ಊಟದ ಹೊತ್ತಿನ ಸಮಯಗಳು ಬೇಗ ಮುಗಿಯುತ್ತವೆ, ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಬೇಕು. ಹೊರಗಿನ ತಿಂಡಿಗೆ ಇಲ್ಲಿ ಅಡ್ಡಿಯಿಲ್ಲ, ಗಾಜಿನ ಪಾತ್ರೆ, ಮದ್ಯದಂಥವನ್ನು ತರಬಾರದು. ಅಮ್ಮ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ, ಮೊಸರನ್ನವನ್ನು ನೆರಳಿನಲ್ಲಿ ಕುಳಿತು ಉಂಡೆವು. ಕೌಂಟರಿನಲ್ಲಿ ಕೇಳಿದರೆ ಐಸು ಹಾಕಿದ ನೀರನ್ನು ಹಣವಿಲ್ಲದೆ ಕೊಡುತ್ತಾರೆ.

ನನಗೆ ಒಪ್ಪಿಗೆಯಾಗದ ಸಂಗತಿ ಹಣ ಕೊಟ್ಟು ಮುಂದೆ ಹೋಗುವ ಸಾಲು. 1999ರಲ್ಲಿ ಬಂದ ಫಾಸ್ಟ್‌ಪಾಸ್ ಉಚಿತವಾಗಿತ್ತು, ಟಿಕೆಟ್ ಇದ್ದವರೆಲ್ಲರಿಗೂ ಸಿಗುತ್ತಿತ್ತು. 2021ರ ಅಕ್ಟೋಬರಿನಿಂದ ಅದರ ಜಾಗಕ್ಕೆ ಹಣದ ಸೇವೆ ಬಂದು, ಈಗ ಲೈಟ್ನಿಂಗ್ ಲೇನ್ ಎಂಬ ಹೆಸರಿನಲ್ಲಿ ಹಲವು ದರ್ಜೆಗಳಾಗಿವೆ. ಒಂದು ರೈಡು ಗಂಟೆಗೆ ಒಯ್ಯುವ ಜನರ ಸಂಖ್ಯೆ ನಿಶ್ಚಿತವಾಗಿರುವಾಗ, ಹಣ ಕೊಟ್ಟವರಿಗೆ ಬಿಡುವ ಪ್ರತಿಯೊಂದು ಆಸನವೂ ಸಾಮಾನ್ಯ ಸಾಲಿನಿಂದ ಕಡಿಮೆಯಾಗುವ ಆಸನವೇ. ಖಾಲಿ ದಿನ ಇದರಿಂದ ಯಾರಿಗೂ ನಷ್ಟವಿಲ್ಲ. ಭರ್ತಿಯ ದಿನ ಮಾತ್ರ ಆಗಲೇ ಅತಿ ಹೆಚ್ಚು ದರ ತೆತ್ತು ಒಳಗೆ ಬಂದವರ ಕಾಯುವಿಕೆಯೇ ಬೆಳೆಯುತ್ತದೆ. ಕನಿಷ್ಠ ವರ್ಷಾಂತ್ಯದ ಆ ವಾರದಲ್ಲಾದರೂ ಇದನ್ನು ನಿಲ್ಲಿಸಬೇಕೆಂದು ನಾನು ಬಯಸುತ್ತೇನೆ.

ಹೊಸ ವರ್ಷದ ಬಾಣಬಿರುಸನ್ನು ಇತ್ತೀಚಿನ ವರ್ಷಗಳಲ್ಲಿ ಇಲ್ಲಿ 30ಕ್ಕೂ 31ಕ್ಕೂ ಎರಡು ರಾತ್ರಿ ಹಾರಿಸುತ್ತಾರೆ, ಇದರಿಂದ ನೋಡುವ ಜನ ಎರಡು ದಿನಕ್ಕೆ ಹಂಚಿಹೋಗುತ್ತಾರೆ. ಅದು ಮುಗಿದು ಎಲ್ಲರೂ ಒಮ್ಮೆಗೇ ಹೊರಟಾಗ, ಕೋಟೆಯಿಂದ ಗೇಟಿಗೆ ಹೋಗುವ ಅಂಗಡಿಬೀದಿಯಾದ ಮೇನ್ ಸ್ಟ್ರೀಟ್ ಒಂದೇ ಸಾಲದು. ಆಗ ಅಂಗಡಿಗಳ ಹಿಂಬದಿಯ ಇನ್ನೊಂದು ದಾರಿಯನ್ನು ತೆರೆದರು. ಮುಂದಿನಿಂದ ಬಣ್ಣಬಣ್ಣದ ಹಳೆಯ ಪೇಟೆಯಂತೆ ಕಾಣುವ ಕಟ್ಟಡಗಳ ಬೆನ್ನು ಅಲ್ಲಿ ಬರಿಯ ಗೋಡೆ, ಪೈಪು, ದೀಪದ ಕಂಬ. ಅಪ್ಪ ಅರ್ಧ ದಾರಿಯಲ್ಲಿ ನಿಂತು ಆ ಗೋಡೆಯನ್ನು ನೋಡಿ, “ಯಕ್ಷಗಾನದ ಚೌಕಿ ಹೊಕ್ಕ ಹಾಗಾಯ್ತು” ಎಂದರು; ಚೌಕಿ ಎಂದರೆ ರಂಗದ ಹಿಂದೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ. ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದ ನಮ್ಮವರಿಗೆ ಯಾರ ಮೈಯೂ ತಾಗದಷ್ಟು ಜಾಗ ಆ ದಾರಿಯಲ್ಲಿತ್ತು.

ಹೋಗುವವರಿಗೆ ನನ್ನ ಸಲಹೆ ಇಷ್ಟು. ದಿನವನ್ನು ಆರಿಸಿಕೊಳ್ಳುವ ಅನುಕೂಲವಿದ್ದರೆ ಶಾಲೆಗಳು ಆರಂಭವಾದ ಮೇಲಿನ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ಡಿಸೆಂಬರಿನ ಕೊನೆಯ ವಾರವೇ ಅನಿವಾರ್ಯವಾದರೆ ಗೇಟು ತೆರೆಯುವ ಮುನ್ನ ಈಚೆ ದಡದಲ್ಲಿರಿ, ಮೊದಲ ಮೂರು ಗಂಟೆಗಳಲ್ಲಿ ಮುಖ್ಯ ರೈಡ್‌ಗಳನ್ನು ಮುಗಿಸಿ, ಮಧ್ಯಾಹ್ನ ನೆರಳಿನಲ್ಲಿ ಕಳೆಯಿರಿ. ಎತ್ತರ ಸಾಲದ ಮಗುವಿದ್ದರೆ ತಂದೆತಾಯಿ ಒಂದೇ ಕಾಯುವಿಕೆಯಲ್ಲಿ ಸರದಿಯಂತೆ ಹೋಗಿಬರುವ ಸೌಲಭ್ಯವನ್ನು ಸಾಲು ಸೇರುವ ಮೊದಲೇ ಕೇಳಿಕೊಳ್ಳಿ; ಸ್ಪೇಸ್ ಮೌಂಟನ್‌ಗೆ 44 ಅಂಗುಲ, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 38 ಅಂಗುಲ ಬೇಕು. ಮಂಡಿನೋವಿನ ಹಿರಿಯರಿದ್ದರೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಅದನ್ನು ಮುಂಚಿತವಾಗಿ ಕಾಯ್ದಿರಿಸಲಾಗದು, ಮೊದಲು ಬಂದವರಿಗೆ ಮೊದಲು. ಒಳಗೆ ಕಾಲಿಟ್ಟ ಕೂಡಲೇ ಬೇರೆ ಎಲ್ಲವನ್ನೂ ಬಿಟ್ಟು ಅಲ್ಲಿಗೇ ಹೋಗಿ.