ಬೀಡುಕಬ್ಬಿಣ ಬೆಸೆಯುವವನ ಪಕ್ಕದಲ್ಲಿ ನೀರಿನ ಬಕೆಟ್ ಕಂಡರೆ ಎದ್ದು ಬನ್ನಿ

ಗಂಗಾವತಿಯಲ್ಲಿ ಹಳೆಯ ಯಂತ್ರಗಳನ್ನು ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಅಂಗಡಿಯ ಹೆಸರು ಹೇಳುವುದಿಲ್ಲ. ಹೇಳಿಬಿಡುವಷ್ಟು ಸಿಟ್ಟೇನೋ ಇದೆ.

ನನ್ನದು ತಳ್ಳಿಕೊಂಡು ಹೋಗುವ, ಪೊದೆ ಸವರುವ ಹಳೆಯ ಯಂತ್ರ. ಕಾರಟಗಿ ಕಡೆ ಹೊಲವಿರುವವರಿಗೆ ಬಳ್ಳಾರಿ ಜಾಲಿಯ ಕಾಟವನ್ನು ಬಿಡಿಸಿ ಹೇಳಬೇಕಿಲ್ಲ, ಕಡಿದಷ್ಟೂ ಚಿಗುರುತ್ತದೆ. ಎಳೆಯ ಜಾಲಿ ಸವರುವಾಗ ಬ್ಲೇಡು ಕಲ್ಲಿಗೆ ಬಡಿದು, ಅದರ ದಂಡವನ್ನು ಹಿಡಿದಿರುವ ಬೀಡಿನ, ಅಂದರೆ ಎರಕದ ಕಬ್ಬಿಣದ, ಹೌಸಿಂಗ್ ಬಿರುಕು ಬಿಟ್ಟಿತು. ಆ ಮಾದರಿಯ ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಬೆಸುಗೆಯೇ ಗತಿ.

ಗಂಗಾವತಿಯ ಅಂಗಡಿಗೆ ಒಯ್ದೆ. "ನಿಕ್ಕಲ್ ರಾಡ್ ಹಾಕುತ್ತೇನೆ, ಅದಕ್ಕೇ ದುಬಾರಿ" ಎಂದ ಬೆಸೆಯುವವನು. ರಾಡ್ ಎಂದರೆ ಬೆಸುಗೆಗೆ ಕರಗಿಸುವ ಲೋಹದ ಕಡ್ಡಿ. 2,800 ರೂಪಾಯಿ. ಒಪ್ಪಿದೆ. ಭತ್ತದ ಕಟಾವಿನ ದಿನಗಳು, ಅಂಗಡಿಯ ಮುಂದೆ ಹಾರ್ವೆಸ್ಟರ್‌ಗಳ ಸಾಲು. ನಾಲ್ಕು ಸಲ ಅಲೆಸಿದ. ಐದನೆಯ ಸಲ ನನ್ನ ಕಣ್ಣೆದುರಿಗೇ ಬೆಸೆದ. ಕಣ್ಣೆದುರಿಗೇ! ಹತ್ತು ನಿಮಿಷವೂ ಹಿಡಿಯಲಿಲ್ಲ. ಇನ್ನೂ ಕೆಂಪಗಿದ್ದ ಅದನ್ನು ಇಕ್ಕಳದಲ್ಲಿ ಎತ್ತಿ ನೀರಿನ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದಿತು. ನಾನೋ, ಕಮ್ಮಾರ ಕುಳಕ್ಕೆ ಹದ ಕೊಡುವಂತೆ ಇವನೂ ಕೊಡುತ್ತಿದ್ದಾನೆ ಎಂದುಕೊಂಡು ತಲೆದೂಗಿದೆ. ಮೇಲೆ ಬೂದು ಬಣ್ಣ ಹೊಡೆದ. ಹೊಸದರಂತೆ ಕಂಡಿತು. ಖುಷಿಯಿಂದ ಹುಡುಗರ ಚಹಾಕ್ಕೆಂದು ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಬಂದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೊದಲ ದಿನ, ಅರ್ಧ ಗಂಟೆಯೂ ಆಗಿರಲಿಲ್ಲ, ಢಣ್ ಎಂದಿತು. ಹೌಸಿಂಗ್ ಎರಡು ಹೋಳು. ಬ್ಲೇಡು ಮುಚ್ಚಳದೊಳಗೇ ಸಿಕ್ಕಿಕೊಂಡದ್ದು ನನ್ನ ಪುಣ್ಯ. ಹಾರಿದ್ದರೆ ಕಾಲು ಹೋಗುತ್ತಿತ್ತು.

ಹೋಳುಗಳನ್ನು ಒಯ್ದು ಮುಂದಿಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿ ನಕ್ಕ. "ನನ್ನ ಬೆಸುಗೆ ಬಿಟ್ಟಿಲ್ಲ ನೋಡಿ. ಅದರ ಪಕ್ಕದಲ್ಲಿ ಒಡೆದಿದೆ. ಬೆಸುಗೆಗೆ ಗ್ಯಾರಂಟಿ ಕೊಟ್ಟಿದ್ದೆ, ನಿಮ್ಮ ಬೀಡಿಗಲ್ಲ." ನಿಕ್ಕಲ್ ರಾಡನ್ನೇ ಹಾಕಿದ್ದೆಯಾ ಎಂದು ಕೇಳಿದೆ. "ನೀವೇ ಎದುರಿಗೆ ಕೂತು ನೋಡಿದಿರಲ್ಲ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೋಡಿದ್ದೆ, ನಿಜ. ತಲೆಯನ್ನೂ ದೂಗಿದ್ದೆ.

ಸಿಂಧನೂರಿನ ಹಿರಿಯ ಲೇಥ್ ಕೆಲಸಗಾರರೊಬ್ಬರು ಒಡೆದ ಅಂಚಿಗೆ ಅರ ಹಾಕಿದರು. ಅರ ಕಚ್ಚಲಿಲ್ಲ, ಗಾಜಿನ ಮೇಲಿನಂತೆ ಜಾರಿತು. ಸಾದಾ ಉಕ್ಕಿನ ರಾಡು ಹಾಕಿ ಬಿಸಿಯಲ್ಲೇ ನೀರಿಗೆ ಅದ್ದಿದರೆ ಬೆಸುಗೆಯ ಪಕ್ಕದ ಬೀಡು ಹೀಗೆ ಗಡುಸಾಗಿ ಅಲ್ಲಿಯೇ ಸಿಡಿಯುತ್ತದೆಯಂತೆ. ಅಂದರೆ ಅವನು ಬಾಯಿಬಿಟ್ಟು ಹೇಳಿದ ಸಮರ್ಥನೆಯೇ ಅವನ ತಪ್ಪೊಪ್ಪಿಗೆ! ಬೀಡನ್ನು ಮೊದಲು ಇಡಿಯಾಗಿ ಕಾಯಿಸಬೇಕು, ಬಿರುಕಿನ ತುದಿಗೆ ಸಣ್ಣ ತೂತು ಕೊರೆಯಬೇಕು, ಸ್ವಲ್ಪ ಸ್ವಲ್ಪವೇ ಬೆಸೆದು ಮೆಲ್ಲಗೆ ಸುತ್ತಿಗೆಯಿಂದ ತಟ್ಟಬೇಕು, ಕೊನೆಗೆ ಬಿಸಿ ಬೂದಿಯಲ್ಲೋ ಒಣ ಮರಳಿನಲ್ಲೋ ಹೂತು ರಾತ್ರಿಯಿಡೀ ಆರಲು ಬಿಡಬೇಕು. ನಿಕ್ಕಲ್ ಬೆಸುಗೆ ಮೆತ್ತಗಿರುತ್ತದೆ, ಅರ ಕಚ್ಚುತ್ತದೆ. ಈಗ ಇದನ್ನು ಮತ್ತೆ ಬೆಸೆಯಲು ಅವರು ಒಪ್ಪಲಿಲ್ಲ. ಉಕ್ಕಿನ ತುಂಡಿನಿಂದ ಹೊಸ ಹೌಸಿಂಗನ್ನೇ ಕಡೆದು ಕೊಡಲು 4,500 ಕೇಳಿದ್ದಾರೆ.

ಹಣ ಕೊಡುವ ಮೊದಲು ಅರ ಹಾಕಿಸಿ ನೋಡಿ. ಬಣ್ಣ ಹೊಡೆಯಲು ಬಿಡಬೇಡಿ. ಬಕೆಟ್ ಕಂಡರೆ, ಅದರಲ್ಲಿ ನೀರಿದ್ದರೆ, ನಿಮ್ಮ ವಸ್ತುವನ್ನು ಎತ್ತಿಕೊಂಡು ಬಸ್ಸು ಹತ್ತಿ. ಚಹಾಕ್ಕೆ ಹಣ ಕೊಡಬೇಡಿ.